ನಾರು ಬಿಟ್ಟರೂ ಗಂಟು ಬಿಡಲಿಲ್ಲ
ಮೃಣಾಲಿನಿ ಮುಖರ್ಜಿ 1994ರಲ್ಲಿ ‘ವನಶ್ರೀ’ಯನ್ನು ಮುಗಿಸಿದ್ದು ಸೆಣಬಿನ ನಾರಿನಲ್ಲಿ. ಎರಡು ವರ್ಷ ಕಳೆಯುವುದರೊಳಗೆ ನೆದರ್ಲೆಂಡ್ಸ್‌ನ ಸಿರಾಮಿಕ್ ಕೇಂದ್ರವೊಂದರಲ್ಲಿ ಅವರ ಕೈ ಹಸಿ ಮಣ್ಣಿನಲ್ಲಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮೇಣ ಹಿಡಿದು ಕಂಚಿಗೆ ಬಂದರು. ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ನಾರು, ಮಣ್ಣು, ಲೋಹ ಮೂರನ್ನೂ ಕಂಡ ಈ ಶಿಲ್ಪಿಯನ್ನು ಮೂರು ಬಿಡಿ ಅಧ್ಯಾಯಗಳಾಗಿ ಓದುವ ರೂಢಿಯಿದೆ. ಆ ಓದು ನನಗೆ ಒಪ್ಪಿಗೆಯಿಲ್ಲ. ಅವರು ಬದಲಿಸಿದ್ದು ಸಾಮಗ್ರಿಯನ್ನು ಮಾತ್ರ. ಮೆತ್ತನೆಯ ವಸ್ತುವೊಂದು ತನ್ನ ಭಾರವನ್ನು ತಾನೇ ಹೊತ್ತು ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಕೊನೆಯವರೆಗೂ ಒಂದೇ ಆಗಿತ್ತು.

ಸೆಣಬು ಅವರ ಕೈಗೆ ಬಂದದ್ದು 1970ರ ದಶಕದ ಆರಂಭದಲ್ಲಿ, ಬರೋಡಾದಲ್ಲಿ ಕಲಿಯುತ್ತಿದ್ದಾಗ. ಅವರು ಹುಟ್ಟಿದ್ದು 1949ರಲ್ಲಿ, ಮುಂಬೈಯಲ್ಲಿ. ತಂದೆ ಶಾಂತಿನಿಕೇತನದ ಹೆಸರಾಂತ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ, ತಾಯಿ ಲೀಲಾ ಸ್ವತಃ ಶಿಲ್ಪಿ. ಪೂರ್ತಿ ಕಣ್ಣು ಹೋದ ಮೇಲೂ ಸ್ಪರ್ಶವನ್ನೇ ನಂಬಿ ಕಲಾಕೃತಿ ರಚಿಸಿದ ತಂದೆಯನ್ನು ಕಂಡು ಬೆಳೆದ ಮಗಳಿಗೆ ಬೆರಳಿನ ಮೇಲೆ ಅಷ್ಟು ಭರವಸೆ ಇದ್ದುದರಲ್ಲಿ ಅಚ್ಚರಿಯಿಲ್ಲ. ಮಗ್ಗವಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಬಣ್ಣ ಹಾಕಿದ ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕುತ್ತ ತಿಂಗಳುಗಟ್ಟಲೆ ದುಡಿದರೆ ಒಂದು ಆಕೃತಿ. ನಾರಿಗೆ ತನ್ನದೇ ನಿಲುವಿಲ್ಲ. ಎತ್ತಿ ಕಟ್ಟಿದರೆ ಜೋಲುತ್ತದೆ, ಕೆಳಗಿಟ್ಟರೆ ಕುಸಿಯುತ್ತದೆ. ಆ ಜೋಲುವಿಕೆಯನ್ನೇ ಅವರು ಮಡಿಕೆಯಾಗಿ, ದಳವಾಗಿ, ತುಟಿಯಾಗಿ, ಸೆರಗಾಗಿ ದುಡಿಸಿಕೊಂಡರು. ಮೊದಮೊದಲು ಮೇಲಿನಿಂದ ಇಳಿಬಿದ್ದ ರೂಪಗಳು ಬರಬರುತ್ತ ಒಳಗೆ ಲೋಹದ ಚೌಕಟ್ಟಿನ ಆಸರೆ ಪಡೆದು ನೆಲದ ಮೇಲೆ ನಿಂತವು. 1984ರ ‘ಯಕ್ಷಿ’ಯ ಎದುರು ನಿಂತವರಿಗೆ ಅದು ಗಿಡವೋ ಹೆಣ್ಣೋ ದೇವತೆಯೋ ಎಂದು ತಟ್ಟನೆ ಹೇಳಲಾಗದು. ಮೂರೂ ಒಂದೇ ಗಂಟಿನಿಂದ ಬೆಳೆದಿವೆ.

ಗಂಟು ಹಾಕುವುದು ಕಸುಬು, ಶಿಲ್ಪ ಹೇಗಾದೀತು ಎಂಬ ಆಕ್ಷೇಪವನ್ನು ಅವರು ಬಹುಕಾಲ ಎದುರಿಸಿದರು. ಇದಕ್ಕೆ ‘ಅವರು ಕಸುಬನ್ನು ಮೀರಿದರು’ ಎಂದು ಉತ್ತರ ಕೊಡುವವರಿದ್ದಾರೆ. ಆ ಉತ್ತರ ಕಸುಬನ್ನು ಕೆಳಗಿಟ್ಟೇ ಮಾತಾಡುತ್ತದೆ. ಬರೋಡಾದ ಗುರು ಕೆ.ಜಿ. ಸುಬ್ರಮಣ್ಯನ್ ನೇಯ್ಗೆ, ಸುಡುಮಣ್ಣು, ಆಟಿಕೆಗಳನ್ನು ಚಿತ್ರಕಲೆಯ ಪಂಕ್ತಿಯಲ್ಲೇ ಕೂರಿಸಿದವರು. ಆ ಶಾಲೆಯಲ್ಲಿ ಕಲಿತವರಿಗೆ ಮೇಲು ಕೀಳಿನ ಈ ಮೆಟ್ಟಿಲೇ ಇರಲಿಲ್ಲ. ಗೋಡೆಯ ಅಲಂಕಾರಕ್ಕೆ ಹೆಣೆಯುವಾಗ ಒಂದು ವಿನ್ಯಾಸ ಮರುಕಳಿಸುತ್ತ ಹೋಗುತ್ತದೆ, ಹಾಳೆಯಂತೆ ಚಪ್ಪಟೆಯಾಗಿ ಉಳಿಯುತ್ತದೆ. ಮೃಣಾಲಿನಿಯವರ ಗಂಟು ಒಳಗೆ ಪೊಳ್ಳನ್ನು ಕಟ್ಟುತ್ತದೆ, ಬೆನ್ನು ಹೊಟ್ಟೆಗಳನ್ನು ಮೂಡಿಸುತ್ತದೆ, ನೋಡುವವರನ್ನು ತನ್ನ ಸುತ್ತ ಒಂದು ಸುತ್ತು ಬರಿಸುತ್ತದೆ. ಶಿಲ್ಪಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣ ಯಾವುದು ಬೇಕು?

ಮಣ್ಣಿಗೆ ಬಂದಾಗ ಪ್ರಶ್ನೆ ತಿರುಗಿ ನಿಂತಿತು. ಹಸಿ ಮಣ್ಣೂ ನಾರಿನಂತೆ ಮಡಿಚಿದಲ್ಲಿ ಮಡಿಚಿಕೊಳ್ಳುತ್ತದೆ, ಆದರೆ ಅದು ಕೆಳಗಿನಿಂದ ಮೇಲೇಳಬೇಕು. ಒಣಗುವಾಗ ಕುಗ್ಗುತ್ತದೆ, ದಪ್ಪ ಹೆಚ್ಚುಕಡಿಮೆಯಾದರೆ ಆವಿಗೆಯಲ್ಲಿ ಸೀಳುತ್ತದೆ. ನಾರಿನಲ್ಲಿ ತಪ್ಪಿದ ಗಂಟನ್ನು ಬಿಚ್ಚಬಹುದು, ಸುಟ್ಟ ಮಣ್ಣಿನಲ್ಲಿ ಬಿಚ್ಚುವುದೇನೂ ಉಳಿಯುವುದಿಲ್ಲ. ಹಾಗೆಂದು ಅವರು ಸೆಣಬನ್ನು ಒಮ್ಮೆಲೇ ಕೈಬಿಡಲಿಲ್ಲ. ಮಣ್ಣು ಹಿಡಿದ ಮೇಲೂ ‘ಆದಿ ಪುಷ್ಪ II’ರಂಥ ನಾರಿನ ಕೃತಿ ಹುಟ್ಟಿತು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಜಿಗಿದರು ಎನ್ನುವವರು ಈ ವರ್ಷಗಳನ್ನು ಗಮನಿಸಬೇಕು.

ಕಂಚಿನ ವಿಷಯದಲ್ಲಿ ಎದುರುಮಾತು ಇನ್ನೂ ಗಟ್ಟಿಯಾದದ್ದು. ನಾರಿನ ಬಣ್ಣ ಮಾಸುತ್ತದೆ, ದೂಳು ಕೂರುತ್ತದೆ, ಹುಳು ಹಿಡಿಯುತ್ತದೆ. ಬಾಳಿಕೆಯ ಆಸೆಗೋ ಪ್ರತಿಷ್ಠೆಗೋ ಲೋಹಕ್ಕೆ ಬಂದಿರಬಹುದಲ್ಲ? ಬಾಳಿಕೆಯ ಆಸೆ ತಪ್ಪಲ್ಲ, ಅದನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. ಆದರೆ ಪ್ರತಿಷ್ಠೆಯೇ ಗುರಿಯಾಗಿದ್ದರೆ ಅವರ ಕಂಚು ಚೌಕದ ಪ್ರತಿಮೆಗಳಂತೆ ನುಣುಪಾಗಿ, ನೆಟ್ಟಗೆ, ಪೀಠದ ಮೇಲೆ ನಿಂತಿರಬೇಕಿತ್ತು. ಅವರು ಮೇಣವನ್ನು ನೇರವಾಗಿ ಬೆರಳಲ್ಲಿ ತಿದ್ದಿದರು. ಮೇಣ ಕರಗಿ ಹರಿದ ಜಾಗದಲ್ಲಿ ಲೋಹ ತುಂಬುವ ಹಳೆಯ ಎರಕದ ವಿಧಾನವಾದ್ದರಿಂದ ಬೆರಳೊತ್ತು, ಎಲೆಯ ನರ, ತೊಟ್ಟಿನ ತಿರುವು ಎಲ್ಲವೂ ಹಾಗೇ ಇಳಿದವು. ಕಂಚಿನ ಆಯ್ಕೆಗೆ ಕಾರಣ ಅದರ ಗಡಸುತನವಲ್ಲ, ಅದಕ್ಕೂ ಮುಂಚಿನ ಮೇಣದ ಮೆತ್ತನೆಯ ಗುಣ ಎಂದೇ ನಾನು ಓದುತ್ತೇನೆ.

ಒಂದೇ ಸಾಮಗ್ರಿಯಲ್ಲಿ ಬದುಕಿಡೀ ಪಳಗಿದವನೇ ಶಿಲ್ಪಿ ಎಂಬ ಮಾತು ನಮ್ಮಲ್ಲಿ ಬೇರೂರಿದೆ, ಅದಕ್ಕೆ ಆಧಾರವೂ ಇದೆ. ಆದರೆ ಅದೇ ಪರಂಪರೆಯನ್ನು ದೂರದಿಂದ ನೋಡಿ. ಬಾದಾಮಿಯ ಮರಳುಗಲ್ಲಿನಿಂದ ಹಳೇಬೀಡಿನ ಬಳಪದ ಕಲ್ಲಿಗೆ ಬರುವಷ್ಟರಲ್ಲಿ ಕನ್ನಡ ನಾಡಿನ ಉಳಿ ಬೇರೆಯೇ ನಡೆ ಕಲಿತಿತ್ತು. ಅಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಸಿಕ್ಕಿದ್ದರಿಂದಲೇ ಹೊಯ್ಸಳರ ಮದನಿಕೆಯರ ಒಡವೆ ಅಷ್ಟು ಸೂಕ್ಷ್ಮವಾಯಿತು. ಸಾಮಗ್ರಿ ಬದಲಾದಾಗ ಅಲ್ಲಿ ಪರಂಪರೆ ಕಡಿಯಲಿಲ್ಲ, ಕೈ ಹೊಸದನ್ನು ಕಂಡುಕೊಂಡಿತು. ಆ ದಾರಿಗೆ ಶತಮಾನಗಳು, ಹಲವು ತಲೆಮಾರುಗಳು ಹಿಡಿದವು. ಮೃಣಾಲಿನಿಯವರಿಗೆ ಇದ್ದದ್ದು ಒಂದೇ ಜೋಡಿ ಕೈ.

2015ರ ಜನವರಿ ಕೊನೆಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ನಾರು, ಮಣ್ಣು, ಕಂಚು ಒಂದೇ ಸೂರಿನಡಿ ಸೇರಿದವು. ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಕೊನೆಯ ವರ್ಷಗಳ ‘ಪಾಮ್‌ಸ್ಕೇಪ್’ ಸರಣಿಯ ಕಂಚುಗಳಿಗೆ ತೂಗುಹಾಕುವ ಹಗ್ಗವೂ ಬೇಡ, ಪೀಠವೂ ಬೇಡ. ಮರದಿಂದ ಕಳಚಿಬಿದ್ದ ತಾಳೆಗರಿಯ ಹಾಗೆ ನೆಲಕ್ಕೆ ಮೈಚಾಚಿ ಮಲಗಿವೆ. ಅಂಚುಗಳಲ್ಲಿ ಮಾತ್ರ ಹಳೆಯ ನಾರಿನ ಮಡಿಕೆ ಇನ್ನೂ ಸುರುಳಿಗೊಳ್ಳುತ್ತಿದೆ.