ಪ್ರತಿ ಕಣ್ಣಿಗೂ ಅದರದೇ ಅಳತೆ: ಕಸ್ಟಮೈಸ್ಡ್ ಲೇಸರ್ ಚಿಕಿತ್ಸೆಯ ಬಗ್ಗೆ ತಿಳಿದಿರಬೇಕಾದ ವಿಷಯಗಳು

“ಫಾದರ್, ಮಗಳ ಕನ್ನಡಕ ತೆಗೆಸಲು ಲೇಸರ್ ಮಾಡಿಸಬೇಕೆಂದಿದ್ದೇವೆ. ಮಾಮೂಲಿಯದ್ದು ಸಾಕಾ, ಕಸ್ಟಮೈಸ್ಡ್ ಬೇಕಾ? ಎರಡನೆಯದಕ್ಕೆ ಹಣ ಜಾಸ್ತಿ ಹೇಳುತ್ತಾರೆ.” ಭಾನುವಾರದ ಪೂಜೆಯ ನಂತರ ಹೆತ್ತವರು ನಮ್ಮಲ್ಲಿ ಆಗಾಗ ಕೇಳುವ ಪ್ರಶ್ನೆಯಿದು. ಕೆಲವರಿಗೆ ಮಗಳ ಮದುವೆಯ ಮಾತುಕತೆಯ ಚಿಂತೆ, ಇನ್ನು ಕೆಲವರಿಗೆ ಮಗನ ಕೆಲಸದ ಮೆಡಿಕಲ್ ಪರೀಕ್ಷೆಯ ಚಿಂತೆ. ನಾವು ವೈದ್ಯರಲ್ಲ. ಆದರೆ ಸಾಲ ಮಾಡಿ ಹಣ ಕಟ್ಟುವ ಮೊದಲು ಒಂದು ಕುಟುಂಬಕ್ಕೆ ವಿಷಯ ಗೊತ್ತಿರಬೇಕು ಎಂಬ ಕಾರಣದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಂಬರ್ ಬರುವುದು ಏಕೆ?

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಒಳಬರುವ ಬೆಳಕನ್ನು ಬಾಗಿಸಿ ಹಿಂದಿನ ಅಕ್ಷಿಪಟಲದ ಮೇಲೆ ಮೂಡಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಇದರದ್ದೇ. ಕಣ್ಣುಗುಡ್ಡೆ ಉದ್ದವಾಗಿದ್ದರೆ ಅಥವಾ ಕಾರ್ನಿಯಾದ ಬಾಗು ಹೆಚ್ಚಾಗಿದ್ದರೆ ಬೆಳಕು ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡುತ್ತದೆ, ದೂರದ್ದು ಮಸುಕಾಗುತ್ತದೆ. ಇದು ಮೈನಸ್ ನಂಬರ್. ಇದಕ್ಕೆ ವಿರುದ್ಧವಾದದ್ದು ಪ್ಲಸ್ ನಂಬರ್. ಕಾರ್ನಿಯಾದ ಬಾಗು ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಇದ್ದರೆ ಸಿಲಿಂಡರ್ ನಂಬರ್. ಕಾರ್ನಿಯಾದ ಬಾಗನ್ನು ತಿದ್ದಿದರೆ ಕನ್ನಡಕ ಮಾಡುವ ಕೆಲಸವನ್ನು ಕಣ್ಣೇ ಮಾಡಬಹುದು ಎಂಬುದು ಲೇಸರ್ ಚಿಕಿತ್ಸೆಯ ತಳಹದಿ.

ಲೇಸರ್ ನಡೆದು ಬಂದ ದಾರಿ

ಇದಕ್ಕೆ ಬಳಸುವ ಎಕ್ಸೈಮರ್ ಲೇಸರ್ ಮೊದಲು ಕಣ್ಣಿಗಾಗಿ ಹುಟ್ಟಿದ್ದಲ್ಲ. 1981ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಹಾಗೂ ಅವರ ಸಹೋದ್ಯೋಗಿಗಳಾದ ಸ್ಯಾಮ್ಯುಯೆಲ್ ಬ್ಲಮ್ ಮತ್ತು ಜೇಮ್ಸ್ ವಿನ್, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಈ ಕಿರಣವನ್ನು ಪ್ರಯೋಗಿಸಿದರು. ಸುತ್ತಲಿನ ಭಾಗ ಸುಡದೆ, ಕಿರಣ ಬಿದ್ದಷ್ಟೇ ಜಾಗ ಅಚ್ಚುಕಟ್ಟಾಗಿ ಕತ್ತರಿಸಿ ಹೋಯಿತು. 1983ರಲ್ಲಿ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಅವರೊಂದಿಗೆ ಸೇರಿ ಕಾರ್ನಿಯಾದ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಈ ಕಿರಣದ ಒಂದೊಂದು ಮಿಡಿತ ಸುಮಾರು ಕಾಲು ಮೈಕ್ರಾನ್‌ನಷ್ಟು ಅಂಗಾಂಶವನ್ನು ತೆಗೆಯುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಮೈಕ್ರಾನ್.

ಈಗ ಬಳಕೆಯಲ್ಲಿರುವ ಲ್ಯಾಸಿಕ್ ವಿಧಾನದಲ್ಲಿ ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ಪುಟದಂತೆ ಮಗುಚಿ, ಅಡಿಯ ಭಾಗವನ್ನು ಲೇಸರ್‌ನಿಂದ ತಿದ್ದಿ, ಪದರವನ್ನು ಮತ್ತೆ ಮುಚ್ಚಲಾಗುತ್ತದೆ. ಹೊಲಿಗೆ ಇಲ್ಲ, ಮರಗಟ್ಟಿಸಲು ಹನಿ ಔಷಧಿ ಸಾಕು.

ಕಸ್ಟಮೈಸ್ಡ್ ಎಂದರೇನು?

ಮಾಮೂಲಿ ಲೇಸರ್ ಕನ್ನಡಕದ ನಂಬರನ್ನು ನೋಡಿ ಕಾರ್ನಿಯಾವನ್ನು ತಿದ್ದುತ್ತದೆ. ಆದರೆ ಇಬ್ಬರಿಗೆ ಮೈನಸ್ ಮೂರು ಇದ್ದರೂ ಇಬ್ಬರ ಕಣ್ಣೂ ಒಂದೇ ಅಲ್ಲ. ನಂಬರಿನಲ್ಲಿ ಹಿಡಿಯಲಾಗದ ಸಣ್ಣ ಸಣ್ಣ ಏರುಪೇರುಗಳು ಪ್ರತಿ ಕಣ್ಣಿನಲ್ಲೂ ಇರುತ್ತವೆ. ಇವು ಹೆಚ್ಚಾಗಿದ್ದರೆ ರಾತ್ರಿ ದೀಪದ ಸುತ್ತ ಬಳೆಯಂತೆ ಬೆಳಕು ಕಾಣುವುದು, ಎದುರಿನ ವಾಹನದ ಬೆಳಕು ಚದುರುವುದು ಮುಂತಾದ ತೊಂದರೆಗಳಾಗುತ್ತವೆ.

ಇದನ್ನು ಅಳೆಯಲು ಒಂದು ಸಣ್ಣ ಕಿರಣವನ್ನು ಕಣ್ಣಿನೊಳಗೆ ಕಳುಹಿಸಿ, ಅದು ಮರಳಿ ಬರುವಾಗ ಎಲ್ಲೆಲ್ಲಿ ವಾಲಿದೆ ಎಂಬುದನ್ನು ಪುಟಾಣಿ ಮಸೂರಗಳ ಸಾಲಿನ ಮೂಲಕ ನೋಡಲಾಗುತ್ತದೆ. ಇದೇ ವೇವ್‌ಫ್ರಂಟ್ ನಕ್ಷೆ. ಗಾಳಿಯ ಕದಲಿಕೆಯಿಂದ ನಕ್ಷತ್ರದ ಚಿತ್ರ ಮಸುಕಾಗುವುದನ್ನು ತಿದ್ದಲು ಖಗೋಳ ವಿಜ್ಞಾನಿಗಳು ದೂರದರ್ಶಕಗಳಲ್ಲಿ ಬಳಸುವ ವಿಧಾನವೇ ಇಲ್ಲಿಯೂ ಇದೆ. ಈ ನಕ್ಷೆಯನ್ನು ಲೇಸರ್ ಯಂತ್ರಕ್ಕೆ ಕೊಟ್ಟರೆ, ಎಲ್ಲಿ ಎಷ್ಟು ತೆಗೆಯಬೇಕೆಂದು ಆ ಕಣ್ಣಿನ ಅಳತೆಯಂತೆಯೇ ಅದು ಕೆಲಸ ಮಾಡುತ್ತದೆ. ರೆಡಿಮೇಡ್ ಅಂಗಿಗೂ ದರ್ಜಿ ಅಳತೆ ತೆಗೆದು ಹೊಲಿದ ಅಂಗಿಗೂ ಇರುವ ವ್ಯತ್ಯಾಸದಂತೆ. 1999ರಲ್ಲಿ ಥಿಯೋ ಸೈಲರ್ ಎಂಬ ನೇತ್ರತಜ್ಞರು ಇದನ್ನು ಆರಂಭಿಸಿದರು. ಅಮೆರಿಕದ ಎಫ್‌ಡಿಎ 2002ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು.

ಹಾಗಾದರೆ ಎಲ್ಲರಿಗೂ ಇದೇ ಬೇಕೇ? ಬೇಕೆಂದಿಲ್ಲ. ದೃಷ್ಟಿ ಮಸುಕಾಗಲು ಮುಖ್ಯ ಕಾರಣ ನಂಬರೇ, ಅದನ್ನು ಎರಡೂ ವಿಧಾನಗಳು ತಿದ್ದುತ್ತವೆ. ಸಣ್ಣ ಏರುಪೇರುಗಳು ಹೆಚ್ಚಾಗಿರುವವರಿಗೆ ಕಸ್ಟಮೈಸ್ಡ್‌ನ ಲಾಭ ಹೆಚ್ಚು. ಉಳಿದವರಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ನಮ್ಮ ನಕ್ಷೆಯಲ್ಲಿ ಏನಿದೆ ಎಂದು ವೈದ್ಯರಲ್ಲಿ ಕೇಳುವುದೇ ಸರಿಯಾದ ದಾರಿ.

ಯಾರಿಗೆ ಸಲ್ಲದು?

ಯಂತ್ರ ಎಷ್ಟೇ ಹೊಸದಾದರೂ ಕಾರ್ನಿಯಾದ ದಪ್ಪಕ್ಕೆ ಮಿತಿಯಿದೆ. ಸಾಮಾನ್ಯವಾಗಿ ಇದರ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಒಬ್ಬ ಹುಡುಗಿಯ ಕಾರ್ನಿಯಾ 470 ಮೈಕ್ರಾನ್ ಇದೆ, ನಂಬರ್ ಮೈನಸ್ ಎಂಟು ಎಂದಿಟ್ಟುಕೊಳ್ಳೋಣ. ಮೇಲ್ಪದರಕ್ಕೆ 110, ತಿದ್ದಲು ಸುಮಾರು 120 ಹೋದರೆ ಅಡಿಯಲ್ಲಿ ಉಳಿಯುವುದು 240. ಕನಿಷ್ಠ 250 ಆದರೂ ಉಳಿಯಬೇಕೆಂಬುದು ವೈದ್ಯರು ಪಾಲಿಸುವ ನಿಯಮ. ಆಕೆಗೆ ಲ್ಯಾಸಿಕ್ ಸಲ್ಲದು.

ಇನ್ನೊಂದು ಅಪಾಯ ಕೆರಟೊಕೋನಸ್, ಅಂದರೆ ಕಾರ್ನಿಯಾ ತೆಳುವಾಗುತ್ತಾ ಶಂಕುವಿನಂತೆ ಮುಂದೆ ಉಬ್ಬುವ ರೋಗ. ಆರಂಭದಲ್ಲಿ ಇದು ಬರೀ ಸಿಲಿಂಡರ್ ನಂಬರಿನಂತೆ ಕಾಣಬಹುದು. ಇಂಥ ಕಣ್ಣಿಗೆ ಲ್ಯಾಸಿಕ್ ಮಾಡಿದರೆ ಉಬ್ಬು ಹೆಚ್ಚಿ ದೃಷ್ಟಿಯೇ ಕೆಡಬಹುದು. ಆದುದರಿಂದ ಕಾರ್ನಿಯಾದ ನಕ್ಷೆ ಮತ್ತು ದಪ್ಪದ ಪರೀಕ್ಷೆ ಮಾಡದೆ ಆಪರೇಷನ್ನಿನ ದಿನ ಗೊತ್ತುಮಾಡುವಲ್ಲಿಗೆ ಹೋಗಬಾರದು.

ಹದಿನೆಂಟು ತುಂಬದವರು, ಕಳೆದೊಂದು ವರ್ಷದಲ್ಲಿ ನಂಬರ್ ಬದಲಾದವರು, ಗರ್ಭಿಣಿಯರು, ಎದೆಹಾಲು ಉಣಿಸುವವರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರು, ಕಣ್ಣು ತೀರ ಒಣಗುವವರು ಕಾಯಬೇಕು ಅಥವಾ ಬಿಟ್ಟುಬಿಡಬೇಕು. ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಪರೀಕ್ಷೆಗೆ ಮೊದಲು ಸುಮಾರು ಎರಡು ವಾರ, ಗಟ್ಟಿ ಲೆನ್ಸಿನವರು ಇನ್ನೂ ಹೆಚ್ಚು ದಿನ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಅಳತೆಯೇ ತಪ್ಪುತ್ತದೆ.

ಚಿಕಿತ್ಸೆಯ ನಂತರ

ಕೆಲವು ತಿಂಗಳು ಕಣ್ಣು ಒಣಗಿದಂತಾಗುವುದು, ರಾತ್ರಿ ಬೆಳಕು ಚದುರುವುದು ಸಾಮಾನ್ಯ. ಕೆಲವರಲ್ಲಿ ಇದು ಬಹುಕಾಲ ಉಳಿಯುವುದೂ ಉಂಟು. ಕಣ್ಣುಜ್ಜಬಾರದು. ವೈದ್ಯರು ಹೇಳುವವರೆಗೆ ಸಮುದ್ರ, ಹೊಳೆ, ಈಜುಕೊಳಕ್ಕೆ ಇಳಿಯಬಾರದು.

ಲೇಸರ್ ನಂಬರನ್ನು ತೆಗೆಯುತ್ತದೆಯೇ ಹೊರತು ಉದ್ದವಾದ ಕಣ್ಣುಗುಡ್ಡೆಯನ್ನು ಗಿಡ್ಡ ಮಾಡುವುದಿಲ್ಲ. ಹೆಚ್ಚು ಮೈನಸ್ ಇದ್ದವರ ಅಕ್ಷಿಪಟಲ ಹರಿಯುವ ಅಪಾಯ ಹಾಗೆಯೇ ಇರುತ್ತದೆ. ಕಣ್ಣಲ್ಲಿ ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳು ಸುರಿದಂತೆ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಚಿಕಿತ್ಸೆಯ ಮೊದಲಿನ ಅಳತೆಯ ಕಾಗದಗಳನ್ನು ಜೋಪಾನವಾಗಿ ತೆಗೆದಿಡಿ. ಮುಂದೆ ಪೊರೆಯ ಆಪರೇಷನ್ ಆಗುವಾಗ ಲೆನ್ಸಿನ ಶಕ್ತಿ ಲೆಕ್ಕ ಹಾಕಲು ಅವು ಬೇಕಾಗುತ್ತವೆ.

ನಮ್ಮಂತೆ ನಲವತ್ತು ದಾಟಿದವರಿಗೂ ಒಂದು ಮಾತು. ಓದಲು ಪುಸ್ತಕವನ್ನು ದೂರ ಹಿಡಿಯಬೇಕಾಗುವುದು ಕಣ್ಣಿನೊಳಗಿನ ಮಸೂರ ಬಿಗಿಯಾಗುವುದರಿಂದ. ದೂರದ ನಂಬರಿಗೆ ಲೇಸರ್ ಮಾಡಿಸಿಕೊಂಡರೂ ಚಾಳೀಸು ತಪ್ಪದು.

ಖರ್ಚಿನ ವಿಷಯದಲ್ಲಿ, ಭಾರತದ ಆರೋಗ್ಯ ವಿಮೆಗಳಲ್ಲಿ 7.5 ಡಯಾಪ್ಟರ್‌ಗಿಂತ ಕಡಿಮೆ ನಂಬರಿನ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಪರೀಕ್ಷೆಯಾದ ಮೇಲೆ ವೈದ್ಯರು “ಈ ಕಣ್ಣಿಗೆ ಬೇಡ” ಎಂದರೆ, ಮಾಡುತ್ತೇನೆ ಎನ್ನುವವರನ್ನು ಹುಡುಕುತ್ತಾ ಇನ್ನೊಂದು ಊರಿಗೆ ಹೋಗಬೇಡಿ. ಸಂದೇಹವಿದ್ದರೆ ಅದೇ ಕಾಗದಗಳನ್ನು ಮತ್ತೊಬ್ಬ ತಜ್ಞರಿಗೆ ತೋರಿಸಿ, ಕಾರಣ ಕೇಳಿ ತಿಳಿದುಕೊಳ್ಳಿ. ಕನ್ನಡಕ ಹಾಕುವ ಹುಡುಗಿಯಲ್ಲಿ ಯಾವ ಕೊರತೆಯೂ ಇಲ್ಲ. ಗಂಡಿನ ಕಡೆಯವರಿಗೂ ಈ ಮಾತನ್ನು ಹೇಳಲು ನಮ್ಮ ಗುರಿಕಾರರು ಹಿಂಜರಿಯಬಾರದು.