ದಾರುಮಯ ದ್ವಾರಪಾಲಕರು

ದೇವಾಲಯದ ಬಾಗಿಲನ್ನು ಕಾಯುವವನು ದ್ವಾರಪಾಲಕ. ಗರ್ಭಗೃಹದ ಎಡಬಲಗಳಲ್ಲಿ ಇಂಥ ಇಬ್ಬರನ್ನು ನಿಲ್ಲಿಸುವುದು ನಮ್ಮ ವಾಸ್ತುಶಿಲ್ಪದ ಪ್ರಾಚೀನ ಸಂಪ್ರದಾಯ. ವಿಷ್ಣುವಿನ ಆಲಯದಲ್ಲಿ ಜಯವಿಜಯರು, ಶಿವಾಲಯದಲ್ಲಿ ನಂದಿ ಮಹಾಕಾಳರು, ದೇವಿಯ ಗುಡಿಯಲ್ಲಿ ದ್ವಾರಪಾಲಿಕೆಯರು ಈ ಸ್ಥಾನವನ್ನು ಅಲಂಕರಿಸುತ್ತಾರೆ. ಕೋರೆದಾಡೆ, ಅರಳಿದ ಕಣ್ಣು, ಹಿಡಿದ ಗದೆ ಇವು ಉಗ್ರತೆಯ ಲಕ್ಷಣಗಳು. ಮೇಲೆತ್ತಿದ ತೋರುಬೆರಳಿನ ತರ್ಜನೀಮುದ್ರೆಯು ಬರುವವನಿಗೆ ಎಚ್ಚರಿಕೆ ಹೇಳಿದರೆ, ವಿಸ್ಮಯಮುದ್ರೆಯು ಒಳಗಿರುವ ದೇವನ ಮಹಿಮೆಯನ್ನು ಸಾರುತ್ತದೆ.

ಬಾದಾಮಿ, ಬೇಲೂರುಗಳ ಶಿಲಾದ್ವಾರಪಾಲಕರನ್ನು ಕಂಡವರು ಅನೇಕರು. ಮರದಲ್ಲಿ ಕಡೆದವರನ್ನು ಕಂಡವರು ವಿರಳ. ಮಳೆ ಅಥವಾ ಹಿಮ ಹೆಚ್ಚಾಗಿದ್ದು ಕಾಡು ಸಮೃದ್ಧವಾಗಿದ್ದ ನಾಡುಗಳಲ್ಲಿ ಮರವೇ ಗುಡಿಯ ಮುಖ್ಯ ಸಾಮಗ್ರಿಯಾಯಿತು. ಹಿಮಾಚಲ ಪ್ರದೇಶದ ಲಾಹುಲ ಪ್ರಾಂತದ ಉದಯಪುರದಲ್ಲಿರುವ ಮೃಕುಲಾದೇವಿಯ ಗುಡಿಯಲ್ಲಿ ಮರದ ದ್ವಾರಪಾಲಕರು ಇಂದಿಗೂ ನಿಂತಿದ್ದಾರೆ. ಕೇರಳದ ಶ್ರೀಕೋವಿಲುಗಳಲ್ಲಿಯೂ ಈ ಪರಂಪರೆ ಉಂಟು. ನಮ್ಮ ಕರಾವಳಿಯಲ್ಲಿ ಹಲಸಿನ ಮರದಿಂದ ಭೂತಗಳ ಮೂರ್ತಿಗಳನ್ನು ಕಡೆಯುವ ವಾಡಿಕೆ ಬೆಳೆದುಬಂದಿದೆ. ಊರನ್ನೂ ಹೊಲಮನೆಗಳನ್ನೂ ಕಾಯುವ ಆ ದೈವಗಳು ದ್ವಾರಪಾಲಕರ ಸಮೀಪಬಂಧುಗಳೇ ಸರಿ.

ಮೂರ್ತಿಗೆ ತಕ್ಕ ಮರವನ್ನು ಆರಿಸುವ ವಿಧಿಯನ್ನು 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಿವರಿಸಿದ್ದಾನೆ. ಶ್ಮಶಾನದಲ್ಲಿ, ದಾರಿಯಲ್ಲಿ, ಹುತ್ತದ ಬಳಿಯಲ್ಲಿ ಬೆಳೆದದ್ದು, ಸಿಡಿಲು ಬಡಿದದ್ದು, ಬಳ್ಳಿ ಸುತ್ತಿ ಪೀಡಿತವಾದದ್ದು ವರ್ಜ್ಯ. ಕಡಿಯುವ ಮುನ್ನ ಮರಕ್ಕೆ ಪೂಜೆ ಸಲ್ಲಿಸಿ, ಅಲ್ಲಿ ವಾಸಿಸುವ ಭೂತಗಳನ್ನು ಬೇರೆಡೆಗೆ ತೆರಳಿರೆಂದು ಬೇಡಿಕೊಳ್ಳಬೇಕು. ಮರ ನಿಂತಿದ್ದ ದಿಕ್ಕುಗಳನ್ನೂ ಅದರ ಬುಡತುದಿಗಳನ್ನೂ ಗುರುತು ಮಾಡಿಕೊಂಡು, ಪ್ರತಿಮೆಯನ್ನು ಅದೇ ಕ್ರಮದಲ್ಲಿ ಪ್ರತಿಷ್ಠಿಸಬೇಕು. ಕಾಡಿನಲ್ಲಿ ನಿಂತಂತೆಯೇ ಮರವು ಗುಡಿಯಲ್ಲಿಯೂ ನಿಲ್ಲಬೇಕೆಂಬುದು ಇದರ ತಾತ್ಪರ್ಯ.

ಆದರೆ ಮರಕ್ಕೆ ಶಿಲೆಯ ಆಯುಷ್ಯವಿಲ್ಲ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತದೆ. ಗೆದ್ದಲು ಬುಡದಿಂದ ಏರುತ್ತದೆ. ಬೇರೆಯಾಗಿ ಕಡೆದು ಜೋಡಿಸಿದ ತೋಳುಗಳು ಮೊದಲು ಸಡಿಲಗೊಳ್ಳುತ್ತವೆ. ಆದ್ದರಿಂದ ಸಂಪ್ರದಾಯವು ನವೀಕರಣವನ್ನೇ ಧರ್ಮವಾಗಿ ಅಂಗೀಕರಿಸಿತು. ಪುರಿಯ ಜಗನ್ನಾಥಾದಿ ಮೂರ್ತಿಗಳಿಗೆ 1977, 1996 ಮತ್ತು 2015ರಲ್ಲಿ ನವಕಳೇಬರ ನಡೆದು, ಹಳೆಯ ವಿಗ್ರಹಗಳು ಕೊಯಿಲಿ ವೈಕುಂಠದಲ್ಲಿ ಭೂಗತವಾದವು. ಅಲ್ಲಿ ಪ್ರತಿಯೊಂದು ಹೆಜ್ಜೆಗೂ ವಿಧಿಯ ಆಸರೆಯಿದೆ.

ಅಂಥ ಆಸರೆ ಇಲ್ಲದ ಗುಡಿಗಳಲ್ಲಿ ಹಳೆಯ ಮೂರ್ತಿಯ ಗತಿಯೇನು? ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರನ ಸನ್ನಿಧಿ ಇದಕ್ಕೆ ನಿದರ್ಶನ. 1960ರ ದಶಕದಲ್ಲಿ ಅಲ್ಲಿ ಜೀರ್ಣೋದ್ಧಾರ ನಡೆದಾಗ ಹಳೆಯ ಮರದ ಮೂರ್ತಿಗಳ ಸ್ಥಾನಕ್ಕೆ ಹೊಸವು ಬಂದವು. ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿ ಉಳಿದುಕೊಂಡವು. ಆ ಭಾಗ್ಯ ಎಲ್ಲ ಮೂರ್ತಿಗಳಿಗೂ ಲಭಿಸುವಂಥದಲ್ಲ.

ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ಮರದ ಶಿಲ್ಪದಲ್ಲಿ ಹಳೆಯ ಮೂರ್ತಿಯೇ ಹೊಸ ಶಿಲ್ಪಿಗೆ ಗುರು. ಮುಖದ ಪ್ರಮಾಣ, ತೋಳಿನ ಸಂದು, ಬಣ್ಣದ ಪದರ ಇವೆಲ್ಲವನ್ನೂ ಅವನು ಕಲಿಯುವುದು ಅದರಿಂದ. ಹಳೆಯದನ್ನು ಒಲೆಗೋ ವ್ಯಾಪಾರಿಗೋ ಒಪ್ಪಿಸಿದರೆ ಮುಂದಿನ ಪೀಳಿಗೆಗೆ ಮಾದರಿಯೇ ಇಲ್ಲದಂತಾಗುತ್ತದೆ. ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಮೇಲೆತ್ತುವುದು. ಎತ್ತಿ ಹೊರಗೆಸೆಯುವುದೆಂದು ಯಾವ ಕೋಶವೂ ಹೇಳುವುದಿಲ್ಲ. ಗುಡಿಯ ಕಾರ್ಯಕ್ಕೆ ದ್ರವ್ಯವನ್ನು ನೀಡುವ ದಾನಿಗಳು ಮೊದಲು ಹಳೆಯ ಮೂರ್ತಿಯ ಅಳತೆ, ಛಾಯಾಚಿತ್ರ, ಮರದ ಜಾತಿ, ಬಣ್ಣಗಳನ್ನು ದಾಖಲೆ ಮಾಡಿಸಬೇಕು. ಶಾಸ್ತ್ರವಿಧಿ ವಿಸರ್ಜನೆಯನ್ನು ವಿಧಿಸದಿದ್ದಲ್ಲಿ, ನೆಲದಿಂದ ಎತ್ತರಿಸಿದ ಪೀಠದ ಮೇಲೆ, ಗಾಳಿಯಾಡುವ ಒಣಕೋಣೆಯಲ್ಲಿ ಅದನ್ನು ಇರಿಸಬೇಕು. ಅದಕ್ಕೆ ತಗಲುವ ವೆಚ್ಚ ಅಲ್ಪ. ಶತಮಾನಗಳ ಕಾಲ ದೇವರ ಬಾಗಿಲನ್ನು ಕಾದವನಿಗೆ ಊರಿನವರು ಸಲ್ಲಿಸಬಹುದಾದ ಪ್ರತಿಸೇವೆ ಇದು.