ತಲೆಕೆಳಗಾದರೂ ಮುದುಡದ ರೆಕ್ಕೆ

ಪ್ರಶ್ನೆ: ಪ್ಯಾರಾಗ್ಲೈಡಿಂಗ್ ಕಸರತ್ತಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪೈಲಟ್ ತನ್ನ ರೆಕ್ಕೆಗಿಂತಲೂ ಮೇಲೆ ಹೋಗಿ ಪಲ್ಟಿ ಹೊಡೆಯುತ್ತಾನೆ. ಆಗ ಅವನು ಆ ಬಟ್ಟೆಯೊಳಕ್ಕೇ ಬೀಳುವುದಿಲ್ಲವೇಕೆ?
– ಓದುಗರು, ಅಮದಳ್ಳಿ, ಕಾರವಾರ

ಉತ್ತರ: ಪ್ಯಾರಾಗ್ಲೈಡರ್‌ಗೆ ಗಟ್ಟಿ ಚೌಕಟ್ಟಿಲ್ಲ. ರೆಕ್ಕೆಯ ಮುಂಭಾಗದ ಬಾಯಿಗಳಿಂದ ಒಳನುಗ್ಗುವ ಗಾಳಿ ಬಟ್ಟೆಯನ್ನು ಉಬ್ಬಿಸಿಡುತ್ತದೆ. ಪೈಲಟ್‌ನ ಭಾರ ದಾರಗಳನ್ನು ಬಿಗಿಯಾಗಿಡುತ್ತದೆ. ದಾರ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಅದು ಒಂದು ಕ್ಷಣವೂ ಸಡಿಲಾಗಬಾರದು.

ಇದನ್ನು ಸಾಧಿಸುವುದು ವೇಗ.

ನೀರು ತುಂಬಿದ ತಂಬಿಗೆಯನ್ನು ಕೈಚಾಚಿ ರಭಸದಿಂದ ಮೇಲೆ ಕೆಳಗೆ ತಿರುಗಿಸಿದರೆ, ತಂಬಿಗೆ ಬೋರಲಾದಾಗಲೂ ನೀರು ಚೆಲ್ಲದು. ಪಲ್ಟಿಯಲ್ಲಿ ಪೈಲಟ್ ಆ ನೀರಿನಂತೆ: ಸುತ್ತುವ ರಭಸ ಅವನನ್ನು ಹೊರಕ್ಕೆ ಸೆಳೆಯುವುದರಿಂದ ದಾರಗಳು ಬಿಗಿಯಾಗಿಯೇ ಉಳಿಯುತ್ತವೆ.

ಆ ರಭಸ ಒಮ್ಮೆಲೇ ಬರುವುದಿಲ್ಲ. ಪೈಲಟ್ ಒಂದು ಬದಿಯ ಬ್ರೇಕ್ ಎಳೆದು, ಮೈಭಾರವನ್ನೂ ಅತ್ತಲೇ ವಾಲಿಸಿ ಸುತ್ತತೊಡಗುತ್ತಾನೆ. ಸುತ್ತಿನಿಂದ ಸುತ್ತಿಗೆ ಓಲಾಟ ಹೆಚ್ಚಿಸುತ್ತ ಕೊನೆಗೆ ರೆಕ್ಕೆಯನ್ನು ದಾಟುತ್ತಾನೆ. ಲಯ ತಪ್ಪಿದರೆ ದಾರ ಸಡಿಲಾಗಿ ಬಟ್ಟೆ ಮುದುಡುತ್ತದೆ, ಪೈಲಟ್ ಅದರಲ್ಲೇ ಸಿಕ್ಕಿಕೊಳ್ಳಬಹುದು. ಅದಕ್ಕೇ ಸ್ಪರ್ಧಿಗಳ ಬಳಿ ತುರ್ತು ಪ್ಯಾರಾಚೂಟ್ ಇರುತ್ತದೆ, ಸ್ಪರ್ಧೆಗಳು ಹೆಚ್ಚಾಗಿ ನೀರಿನ ಮೇಲೆ ನಡೆಯುತ್ತವೆ, ಕೆಳಗೆ ರಕ್ಷಣಾ ದೋಣಿಗಳು ಕಾದಿರುತ್ತವೆ. 2006ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಮೇಲೆ. ತೀರ್ಪುಗಾರರು ಕಸರತ್ತಿನ ಅಚ್ಚುಕಟ್ಟು, ಜೋಡಣೆಯ ಸೊಗಸು, ನೀರಿನಲ್ಲಿ ತೇಲುವ ತೆಪ್ಪದ ಮೇಲೆ ಇಳಿಯುವ ನಿಖರತೆಗೆ ಅಂಕ ಕೊಡುತ್ತಾರೆ.

ಇಲ್ಲಿ ಎತ್ತರವೇ ಇಂಧನ, ಪ್ರತಿ ಪಲ್ಟಿಗೂ ಅದು ಖರ್ಚಾಗುತ್ತದೆ. ಸ್ಪೇನಿನ ಒರಾಸಿಯೊ ಯೊರೆನ್ಸ್ 2012ರಲ್ಲಿ ಗ್ವಾಟೆಮಾಲಾದ ಆಕಾಶದಲ್ಲಿ ಹೆಲಿಕಾಪ್ಟರ್‌ನಿಂದ ಜಿಗಿದು, ಸತತವಾಗಿ 568 ಪಲ್ಟಿ ಹೊಡೆದರು.